ಗಡಿಯಾರದ ಮಾತು ಕೇಳದ ಆಟ: ಹಳೇ ರೇಡಿಯೋದ ಒಂದು ದಿನ

ರೇಡಿಯೋದಲ್ಲಿ ಹಾಡು ಬರುವುದಕ್ಕೂ ಮ್ಯಾಚ್ ಬರುವುದಕ್ಕೂ ಏನು ವ್ಯತ್ಯಾಸ? ಕೇಳುವವರಿಗೆ ಏನೂ ಇಲ್ಲ. ಸ್ವಿಚ್ ಹಾಕಿದರೆ ಎರಡೂ ಬರುತ್ತವೆ. ಆದರೆ ನಿಲಯದೊಳಗೆ ಕೂತವರಿಗೆ ಇವೆರಡೂ ಎಣ್ಣೆ-ಸೀಗೆಕಾಯಿ. ಹಾಡುವವರಿಗೆ 'ಇಷ್ಟು ಹೊತ್ತಿಗೆ ಮುಗಿಸಿಬಿಡಿ' ಅಂತ ಹೇಳಬಹುದು. ಬ್ಯಾಟ್ ಹಿಡಿದು ನಿಂತವನಿಗೆ ಹಾಗೆ ಹೇಳೋಕಾಗಲ್ಲ, ಅಲ್ವಾ? ಸಂಗೀತ ನಡೆಯುವಾಗ ಹೊರಗಿನ ಸದ್ದು ಒಂದು ಚೂರೂ ಒಳಗೆ ಬರಬಾರದು. ಆಟಕ್ಕೆ ಹೊರಗಿನ ಸದ್ದೇ ಜೀವ. ಇವತ್ತು ಇದೆಲ್ಲ ದೊಡ್ಡ ವಿಷಯವಲ್ಲ. ಎಲ್ಲವನ್ನೂ ರೆಕಾರ್ಡ್ ಮಾಡಿ, ಕತ್ತರಿಸಿ, ಬೇಕಾದಾಗ ಬಿಡಬಹುದು. ಮೊದಲಿನ ದಶಕಗಳಲ್ಲಿ ಬಹುಪಾಲು ಎಲ್ಲವೂ ನೇರ ಪ್ರಸಾರ. ಹಾಡಿದ್ದು ಹಾಡಿದ ಕ್ಷಣದಲ್ಲೇ ಮನೆಗೆ ಹೋಗಬೇಕು, ಚೆಂಡು ಬೌಂಡರಿ ದಾಟಿದ್ದು ದಾಟಿದಾಗಲೇ ಹೋಗಬೇಕು. ಒಂದೇ ದಿನದಲ್ಲಿ ಈ ಎರಡನ್ನೂ ಹೇಗೆ ನಿಭಾಯಿಸುತ್ತಿದ್ದರು?

ನಮ್ಮೂರಿನಿಂದಲೇ ಶುರು ಮಾಡೋಣ. ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರ ನವೆಂಬರ್ 2ರಂದು. ಅದರ ಬೇರು ಮೈಸೂರಿನಲ್ಲಿದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಈಗಿನ ಎರಡು ಎಲ್‌ಇಡಿ ಟ್ಯೂಬ್‌ಲೈಟಿಗೂ ಅದಕ್ಕಿಂತ ಜಾಸ್ತಿ ಬೇಕು. ಮುಂದೆ 250 ವ್ಯಾಟ್ ಆಯಿತು. ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋ ತೆಗೆದುಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಸುಮ್ನೆ ಒಂದು ಕಾಕತಾಳೀಯ ಹೇಳಿಬಿಡುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲಯ ಚುನಾವಣೆಯ ಫಲಿತಾಂಶ ಓದಿ ತನ್ನ ಪ್ರಸಾರ ಶುರು ಮಾಡಿದ್ದೂ ನವೆಂಬರ್ 2ರಂದೇ, 1920ರಲ್ಲಿ.

ಬೆಂಗಳೂರು ನಿಲಯಕ್ಕೆ ಎರಡು ತಿಂಗಳು ತುಂಬಿತ್ತಷ್ಟೆ. 1956ರ ಜನವರಿ 6, ಶುಕ್ರವಾರ, ಮದ್ರಾಸಿನಲ್ಲಿ ಭಾರತ-ನ್ಯೂಜಿಲೆಂಡ್ ಟೆಸ್ಟ್ ಶುರುವಾಯಿತು. ಬ್ಯಾಟ್ ಹಿಡಿದು ಇಳಿದ ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಆ ದಿನ ಪೂರ್ತಿ ಔಟಾಗಲೇ ಇಲ್ಲ. ಮಾರನೇ ದಿನ ಜೊತೆಯಾಟ ಮುರಿದಾಗ 413 ರನ್ ಆಗಿತ್ತು. ಮಂಕಡ್ 231, ರಾಯ್ 173. ಮೊದಲ ವಿಕೆಟ್ಟಿನ ಆ ದಾಖಲೆ 2008ರವರೆಗೂ, ಬರೋಬ್ಬರಿ 52 ವರ್ಷ, ಹಾಗೇ ಇತ್ತು. ಬೆಳಗ್ಗೆ ಸ್ಟೂಡಿಯೋದಲ್ಲಿ ಸಂಗೀತ, ಮದ್ರಾಸಿನಲ್ಲಿ ವಿಕೆಟ್ಟೇ ಬೀಳದ ಆಟ, ರಾತ್ರಿ ಮತ್ತೆ ಕಚೇರಿ. ಇಂಥ ಒಂದು ದಿನವನ್ನು ಮಾದರಿಯಾಗಿ ಇಟ್ಟುಕೊಂಡು ಆ ಕಾಲದ ಪದ್ಧತಿ ನೋಡೋಣ.

ಮೊದಲು ಮನೆಯ ಕಡೆ. ಆಗ ರೇಡಿಯೋ ಅಂದರೆ ವಾಲ್ವ್ ಸೆಟ್. ಮರ್ಫಿ, ಫಿಲಿಪ್ಸ್, ಬುಷ್. ಹಾಲಿನಲ್ಲಿ ಅದಕ್ಕೊಂದು ಸ್ಟ್ಯಾಂಡು, ಮೇಲೆ ಕಸೂತಿ ಹಾಕಿದ ಬಟ್ಟೆ. ಕಿವಿ ತಿರುಗಿಸಿದ ಕೂಡಲೇ ಬರುವುದು ಡಯಲ್ಲಿನ ಹಳದಿ ಬೆಳಕು ಮಾತ್ರ. ಧ್ವನಿಗೆ ಅರ್ಧ ನಿಮಿಷವಾದರೂ ಕಾಯಬೇಕು, ಯಾಕಂದರೆ ಒಳಗಿನ ವಾಲ್ವುಗಳು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳು, ಬಿಸಿಯಾಗದೆ ಕೆಲಸ ಮಾಡುವುದಿಲ್ಲ. ಮೊದಲು ಗುಂಯ್ ಅನ್ನುತ್ತದೆ. ಆಮೇಲೆ ದನಿ ನಿಧಾನಕ್ಕೆ ಮೇಲೇಳುತ್ತದೆ. ಕೆಲವು ಸೆಟ್ಟುಗಳಲ್ಲಿ 'ಮ್ಯಾಜಿಕ್ ಐ' ಅಂತ ಹಸಿರು ಬೆಳಕಿನ ಒಂದು ಕಣ್ಣು ಇರುತ್ತಿತ್ತು. ಮುಳ್ಳು ಸರಿಯಾಗಿ ನಿಲಯದ ಮೇಲೆ ಕೂತರೆ ಹಸಿರಿನ ನಡುವಿನ ಸಂದು ಕಿರಿದಾಗುತ್ತಿತ್ತು. ಸೆಟ್ಟಿನ ಹಿಂದಿನಿಂದ ಹೊರಟ ಏರಿಯಲ್, ಅಂದರೆ ತಾಮ್ರದ ಜಾಲರಿ ಪಟ್ಟಿ, ಗೋಡೆಯಿಂದ ಗೋಡೆಗೆ. ಅರ್ತ್ ವೈರು ಕಿಟಕಿಯಿಂದ ಇಳಿದು ಹಿತ್ತಲಿನ ಮಣ್ಣಿಗೆ. ಇದರ ಜೊತೆಗೆ ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಬೇಕು. ಆ ಲೈಸೆನ್ಸ್ ಹೋದದ್ದು 1980ರ ದಶಕದಲ್ಲಿ. ಎಲ್ಲರ ಮನೆಯಲ್ಲೂ ಸೆಟ್ ಇರಲಿಲ್ಲ. ಪಾರ್ಕಿನ ಲೌಡ್‌ಸ್ಪೀಕರು, ಹೋಟೆಲ್ಲಿನ ಗಲ್ಲಾಪೆಟ್ಟಿಗೆ ಪಕ್ಕದ ರೇಡಿಯೋ, ಪಕ್ಕದ ಮನೆಯ ಕಿಟಕಿ, ಇವೆಲ್ಲ ಸೇರಿದರೆ ಕೇಳುಗರ ಲೆಕ್ಕ ಲೈಸೆನ್ಸಿನ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಈ ಸೆಟ್ಟಿಗೆ ಬರುತ್ತಿದ್ದದ್ದು ಏನು? ಟ್ರಾನ್ಸ್‌ಮಿಟರ್ ಒಂದೇ ಸಮನೆ ಒಂದು ಅಲೆ ಹೊರಡಿಸುತ್ತಾ ಇರುತ್ತದೆ. ಇವತ್ತಿನ ಬೆಂಗಳೂರು ನಿಲಯದ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ 6,12,000 ಸಲ ಏರಿ ಇಳಿಯುವ ಅಲೆ. ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರ್. ಸ್ಟೂಡಿಯೋದಲ್ಲಿ ಯಾರೂ ಬಾಯಿ ಬಿಡದಿದ್ದರೂ ಈ ಅಲೆ ಹೊರಡುತ್ತಲೇ ಇರುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೂ ಹಿಂದೆ ತಂಬೂರಿ ಮೀಟುತ್ತಲೇ ಇರುತ್ತದಲ್ಲ, ಹಾಗೆ. ಮೈಕಿನಿಂದ ಬಂದ ಧ್ವನಿ ಈ ಅಲೆಯ ಎತ್ತರವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮನೆಯ ಸೆಟ್ಟು ಅಲೆಯನ್ನು ಬಿಟ್ಟು ಆ ಹೆಚ್ಚು ಕಡಿಮೆಯನ್ನಷ್ಟೇ ಹೆಕ್ಕಿ ಸ್ಪೀಕರಿಗೆ ಕೊಡುತ್ತದೆ. ಎಎಂ, ಅಂದರೆ ಆಂಪ್ಲಿಟ್ಯೂಡ್ ಮಾಡ್ಯುಲೇಷನ್, ಅನ್ನುವುದು ಇಷ್ಟೇ.

ಇದರಲ್ಲಿ ಎರಡು ತೊಡಕು. ಧ್ವನಿ ತೀರಾ ಜೋರಾದರೆ ಅಲೆ ತನ್ನ ಮಿತಿ ಮೀರುತ್ತದೆ, ಸ್ಪೀಕರಿನಲ್ಲಿ ಕರ್ಕಶವಾಗಿ ಒಡೆದು ಕೇಳುತ್ತದೆ. ತೀರಾ ಮೆಲ್ಲಗಾದರೆ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಕಂಟ್ರೋಲ್ ರೂಮಿನಲ್ಲಿ ಒಬ್ಬರು ಮೀಟರಿನ ಮುಳ್ಳು ನೋಡುತ್ತಾ, ಧ್ವನಿ ಏರಿಸಿ ಇಳಿಸುವ ಫೇಡರಿನ ಮೇಲೆ ಕೈ ಇಟ್ಟುಕೊಂಡೇ ಕೂತಿರಬೇಕು. ಎರಡನೇ ತೊಡಕು ಜಾಗದ್ದು. ನಿಲಯಗಳು ಒಂದರ ಪಕ್ಕ ಒಂದು ಇರುವುದರಿಂದ ಒಬ್ಬೊಬ್ಬರಿಗೆ ಸಿಗುವ ಪಟ್ಟಿ ಕಿರಿದು. ಧ್ವನಿಯ ಮೇಲಿನ ಭಾಗವನ್ನೆಲ್ಲ ಕತ್ತರಿಸಬೇಕು. ಮನುಷ್ಯರ ಕಿವಿ ಸುಮಾರು 20,000 ಹರ್ಟ್ಸ್ ತನಕ ಕೇಳಬಲ್ಲದು. ಮಧ್ಯಮ ತರಂಗದಲ್ಲಿ ಬರುವುದು ಸುಮಾರು 5,000ದ ತನಕ. ಮಾತಿಗೆ ಇದು ಧಾರಾಳ. ಸಂಗೀತಕ್ಕೆ ಸಾಲದು. ಮೃದಂಗದ ಬಲಗಡೆಯ ಚಾಪಿನ ಮೊನಚು, ತಂಬೂರಿಯ ಝೇಂಕಾರದ ಮೇಲಿನ ಪದರ, ಎಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. ಹಳೇ ರೇಡಿಯೋದ ದನಿ 'ಮೆತ್ತಗೆ, ಹಿತವಾಗಿ' ಇತ್ತು ಅಂತ ಹಿರಿಯರು ಹೇಳುತ್ತಾರಲ್ಲ, ಆ ಹಿತಕ್ಕೆ ಈ ಕತ್ತರಿಯೂ ಒಂದು ಕಾರಣ.

ಈಗ ಸ್ಟೂಡಿಯೋ ಒಳಗೆ ಹೋಗೋಣ. ಬೆಳಗಿನ ಕಚೇರಿ. ದಪ್ಪ ಬಾಗಿಲು, ಅದರಾಚೆ ಇನ್ನೊಂದು ದಪ್ಪ ಬಾಗಿಲು. ಗೋಡೆ ಪೂರ್ತಿ ತೂತು ತೂತಿನ ಹಲಗೆ, ನೆಲಕ್ಕೆ ಜಮಖಾನ. ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರಲೇಬಾರದು ಅಂತ ಇಷ್ಟೆಲ್ಲ ಏರ್ಪಾಡು. ದೇವಸ್ಥಾನದ ಪ್ರಾಂಗಣದಲ್ಲಿ, ರಾಮೋತ್ಸವದ ಚಪ್ಪರದಲ್ಲಿ ಹಾಡಿ ಅಭ್ಯಾಸವಾದವರಿಗೆ ಇದು ಉಸಿರು ಕಟ್ಟಿದ ಹಾಗೆ. ಎದುರಿಗೆ ತಲೆದೂಗುವವರಿಲ್ಲ, 'ಭೇಷ್' ಅನ್ನುವವರಿಲ್ಲ. ಗಾಜಿನಾಚೆ ಎಂಜಿನಿಯರ್ ಒಬ್ಬರು, ಅವರ ಮುಖದಲ್ಲಿ ಭಾವನೆಯೇ ಇಲ್ಲ.

ಮೈಕು ಒಂದೋ ಎರಡೋ. 1930ರ ದಶಕದಿಂದ ರಿಬ್ಬನ್ ಮೈಕುಗಳು ಬಂದಿದ್ದವು. ಅದರೊಳಗೆ ಅಯಸ್ಕಾಂತದ ನಡುವೆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ ತೂಗುತ್ತಿರುತ್ತದೆ. ಅದಕ್ಕೆ ಮುಂದಿನಿಂದ ಕೇಳುತ್ತದೆ, ಹಿಂದಿನಿಂದಲೂ ಕೇಳುತ್ತದೆ, ಪಕ್ಕದಿಂದ ಮಾತ್ರ ಕಿವುಡು. ಈ ಕಿವುಡನ್ನೇ ಉಪಯೋಗಿಸಿಕೊಂಡು ಬ್ಯಾಲೆನ್ಸ್ ಮಾಡಬಹುದಿತ್ತು. ಗಾಯಕರು ಎದುರಿಗೆ, ಹತ್ತಿರ. ಪಿಟೀಲು ಸ್ವಲ್ಪ ಓರೆಯಾಗಿ. ಮೃದಂಗ ಇರುವುದರಲ್ಲೇ ಜೋರು, ಆದ್ದರಿಂದ ಕಿವುಡಿನ ಪಕ್ಕಕ್ಕೆ, ಒಂದು ಮಾರು ದೂರ. ತಂಬೂರಿ ಮೈಕಿನ ಬೆನ್ನ ಕಡೆ. ಕಾರ್ಯಕ್ರಮಕ್ಕೆ ಮೊದಲು ಒಂದು ಕೀರ್ತನೆಯ ಪಲ್ಲವಿ ಹಾಡಿಸಿ, 'ಮೃದಂಗದವರು ಸ್ವಲ್ಪ ಹಿಂದಕ್ಕೆ ಬನ್ನಿ', 'ಪಿಟೀಲು ಅರ್ಧ ಅಡಿ ಮುಂದೆ' ಅಂತ ಜಮಖಾನದ ಮೇಲೆ ಜನರನ್ನೇ ಸರಿಸಿ ಸರಿಸಿ ಹದ ಮಾಡಬೇಕು. ಈಗ ಇಪ್ಪತ್ತು ಗುಂಡಿ ತಿರುಗಿಸಿ ಮಾಡುವ ಕೆಲಸ ಅದು. ಮೃದಂಗದ ಎಡಗಡೆಗೆ ಮೆತ್ತಿದ ರವೆ ಒಣಗಿದರೆ ಶ್ರುತಿ ಹೋಗುತ್ತದೆ. ಕೆಂಪು ದೀಪ ಹತ್ತಿದ ಮೇಲೆ ನೀರು ಹಚ್ಚಿ ಸರಿ ಮಾಡಿಕೊಳ್ಳುವುದೂ ಮೈಕಿಗೆ ಕೇಳಿಸದ ಹಾಗೆ ನಡೆಯಬೇಕು.

ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಮಾತ್ರ ಈ ಕೋಣೆ ವರವಾಯಿತು ಅಂತ ನನಗನ್ನಿಸುತ್ತದೆ. ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೆ ಮುಟ್ಟದ ಗಮಕ ರೇಡಿಯೋದಲ್ಲಿ ಎಲ್ಲರ ಕಿವಿ ಪಕ್ಕಕ್ಕೇ ಬಂತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ವರ್ಷಗಟ್ಟಲೆ ಬೆಂಗಳೂರು ನಿಲಯದಲ್ಲೇ ಕೆಲಸ ಮಾಡಿದವರು ಅನ್ನುವುದನ್ನು ಇಲ್ಲಿ ನೆನೆಯಬೇಕು. ಹಾರ್ಮೋನಿಯಂ ಪಾಡು ಬೇರೆ. ಅದರ ಸ್ವರಗಳು ಸ್ಥಿರ, ಗಮಕ ಬಾಗಿಸಲು ಬರುವುದಿಲ್ಲ ಅಂತ 1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. 1971ರ ತನಕ ಬಾಗಿಲು ತೆರೆಯಲಿಲ್ಲ. ಹಳ್ಳಿ ಹಳ್ಳಿಯಲ್ಲಿ ನಾಟಕದ ಮೇಷ್ಟ್ರ ಕೈಯಲ್ಲಿದ್ದ ವಾದ್ಯಕ್ಕೆ ಸರ್ಕಾರಿ ಮೈಕು ಮೂವತ್ತು ವರ್ಷ ಸಿಗಲಿಲ್ಲ. ಅತಿಯಾಯಿತು, ಇಲ್ವಾ?

ಸ್ಟೂಡಿಯೋದ ಗೋಡೆಯ ಮೇಲೆ ದೊಡ್ಡ ಗಡಿಯಾರ, ಸೆಕೆಂಡಿನ ಮುಳ್ಳಿನ ಸಮೇತ. ಕಲಾವಿದರಿಗೆ ಮೊದಲೇ ಹೇಳಿರುತ್ತಾರೆ: ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಅದರೊಳಗೆ ವರ್ಣ, ಒಂದು ಚಿಕ್ಕ ಕೃತಿ, ಆಲಾಪನೆ ಇರುವ ಒಂದು ದೊಡ್ಡ ಕೃತಿ, ಸಾಧ್ಯವಾದರೆ ಕೊನೆಗೊಂದು ದೇವರನಾಮ. ತನಿ ಆವರ್ತನ, ಅಂದರೆ ಮೃದಂಗ ಒಂದೇ ನುಡಿಯುವ ಭಾಗ, ಎರಡು ನಿಮಿಷ ಜಾಸ್ತಿಯಾದರೆ ದೇವರನಾಮ ಬಿಡಬೇಕು. ಗ್ರಾಮಫೋನ್ ಕಾಲದಲ್ಲಿ ತಟ್ಟೆಯ ಒಂದು ಬದಿಗೆ ಮೂರು-ಮೂರೂವರೆ ನಿಮಿಷ ಅಷ್ಟೆ. ಅದಕ್ಕೆ ಹೋಲಿಸಿದರೆ ರೇಡಿಯೋ ಉದಾರಿ. ಆದರೆ ಮುಕ್ತಾಯ ಮಾತ್ರ ಸೆಕೆಂಡಿಗೆ ಸರಿಯಾಗಿ ಬರಬೇಕು, ಯಾಕಂದರೆ ಮುಂದೆ ದೆಹಲಿಯ ವಾರ್ತೆ ಇದೆ. ದೆಹಲಿ ಕಾಯುವುದಿಲ್ಲ.

ಕಚೇರಿ ಬೇಗ ಮುಗಿದರೆ? ಆಗ ಬರುತ್ತದೆ ಫಿಲ್ಲರ್. ಇದು ನಿಲಯದ ಒಳಗಿನ ಮಾತು. ಒಂದೂವರೆ ನಿಮಿಷ ಖಾಲಿ ಉಳಿದರೆ ಉದ್ಘೋಷಕರು ಒಂದು ತಟ್ಟೆ ಹಾಕುತ್ತಾರೆ. ಸಾಮಾನ್ಯವಾಗಿ ವಾದ್ಯಸಂಗೀತ, ಕೊಳಲೋ ಸಿತಾರೋ. ಅದನ್ನು ಎಲ್ಲಿ ಬೇಕಾದರೂ ಮೆಲ್ಲಗೆ ಇಳಿಸಿ ನಿಲ್ಲಿಸಬಹುದು, ಸಾಹಿತ್ಯ ಅರ್ಧಕ್ಕೆ ಕತ್ತರಿಸಿದ ಹಾಗಾಗುವುದಿಲ್ಲ. ನಮಗೆಲ್ಲ ವಾರ್ತೆಗೆ ಮುಂಚಿನ ಆ ಹೆಸರಿಲ್ಲದ ಕೊಳಲು ನೆನಪಿದೆಯಲ್ಲ, ಅದು ಯಾವುದೋ ಕಲಾವಿದರ ಕಾರ್ಯಕ್ರಮ ಅಲ್ಲ, ಗಡಿಯಾರದ ತೂತು ಮುಚ್ಚುವ ತೇಪೆ. ಈ ಫಿಲ್ಲರನ್ನು ಮರೆಯಬೇಡಿ. ಆಟ ಶುರುವಾದ ಮೇಲೆ ಇದೇ ನಿಜವಾದ ನಾಯಕ.

ಆಟಕ್ಕೆ ಬರೋಣ. ರೇಡಿಯೋಗೆ ಆಟ ಹೇಳುವುದನ್ನು ಜನ ಕಲಿತದ್ದು ಬೇಗ. ಪಿಟ್ಸ್‌ಬರ್ಗ್‌ನ ಅದೇ ಕೆಡಿಕೆಎ 1921ರ ಏಪ್ರಿಲ್‌ನಲ್ಲಿ ಬಾಕ್ಸಿಂಗ್ ಹೇಳಿತು, ಆಗಸ್ಟ್ 5ರಂದು ಬೇಸ್‌ಬಾಲ್ ಹೇಳಿತು. ಇಂಗ್ಲೆಂಡಿನಲ್ಲಿ 1927ರ ಜನವರಿ 15ರಂದು ಟ್ವಿಕನ್‌ಹ್ಯಾಮ್ ಮೈದಾನದಿಂದ ಟೆಡ್ಡಿ ವೇಕ್‌ಲಮ್ ರಗ್ಬಿ ಪಂದ್ಯ ಹೇಳಿದರು. ವಾರಕ್ಕೆ ಸರಿಯಾಗಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಫುಟ್‌ಬಾಲ್ ಪಂದ್ಯ. ವೇಕ್‌ಲಮ್ ಪಕ್ಕದಲ್ಲಿ ಒಬ್ಬ ಕಣ್ಣು ಕಾಣದವರನ್ನು ಕೂರಿಸಿ 'ಇವರಿಗೆ ಆಟ ವಿವರಿಸಿ' ಅಂದಿದ್ದರಂತೆ. ಎದುರಿಗೆ 'ಬೈಯಬೇಡಿ' ಅಂತ ಒಂದು ಬೋರ್ಡು ಬೇರೆ. ಕೇಳುಗರಿಗೆ ಚೆಂಡು ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೆ ಬಿಬಿಸಿಯ ವಾರಪತ್ರಿಕೆ ಮೈದಾನದ ನಕ್ಷೆಯನ್ನು ಚೌಕ ಚೌಕ ಮಾಡಿ ಅಚ್ಚು ಹಾಕಿತು. ಒಬ್ಬರು ಆಟ ಹೇಳುತ್ತಿದ್ದರೆ, ಹಿಂದಿನಿಂದ ಇನ್ನೊಂದು ದನಿ ಚೌಕದ ನಂಬರು ಹೇಳುತ್ತಿತ್ತು. ಮನೆಯವರು ನಕ್ಷೆಯ ಮೇಲೆ ಬೆರಳು ಓಡಿಸುತ್ತಾ ಕೇಳುವುದು.

ಕ್ರಿಕೆಟ್ಟಿಗೆ ಇದ್ಯಾವುದೂ ಬೇಕಾಗಲಿಲ್ಲ. ಮಿಡ್ ಆಫ್, ಸ್ಕ್ವೇರ್ ಲೆಗ್, ಥರ್ಡ್ ಮ್ಯಾನ್ ಅಂತ ಮೈದಾನದ ಮೂಲೆ ಮೂಲೆಗೂ ಮೊದಲೇ ಹೆಸರಿತ್ತು. 'ಕವರ್ ಕಡೆ ತಳ್ಳಿದರು' ಅಂದರೆ ಸಾಕು, ಚೆಂಡು ಹೋದ ದಿಕ್ಕು ಕಣ್ಣಿಗೆ ಕಟ್ಟುತ್ತದೆ. ಕ್ರಿಕೆಟ್ ರೇಡಿಯೋಗೆ ಇಷ್ಟು ಒಗ್ಗಿದ್ದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಆಟದ ನಿಧಾನ. ಬೌಲರ್ ವಾಪಸ್ ನಡೆದು ಹೋಗುವಷ್ಟು ಹೊತ್ತಿನಲ್ಲಿ ಹಿಂದಿನ ಚೆಂಡಿನ ಕಥೆ ಹೇಳಿ, ಫೀಲ್ಡಿಂಗ್ ಹೇಳಿ, ಸ್ಕೋರೂ ಹೇಳಬಹುದು. ನಮ್ಮ ದೇಶದಲ್ಲಿ 1934ರಲ್ಲಿ ಬಾಂಬೆಯ ಕ್ವಾಡ್ರಾಂಗ್ಯುಲರ್, ಅಂದರೆ ನಾಲ್ಕು ತಂಡಗಳ ಟೂರ್ನಿಯ, ಪಂದ್ಯಕ್ಕೆ ಎ. ಎಫ್. ಎಸ್. ತಲ್ಯಾರ್‌ಖಾನ್ ಕಾಮೆಂಟರಿ ಹೇಳಿದರು. ದಿನ ಪೂರ್ತಿ ಒಬ್ಬರೇ ಹೇಳುವ ಗಂಟಲು ಅವರದ್ದು. ಮೈಕ್ ಹಂಚಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಈಗ ಮದ್ರಾಸಿನ ಆಟವನ್ನು ಬೆಂಗಳೂರಿನ ಮನೆಗೆ ತರಬೇಕು. ಇದೇ ಇಡೀ ದಿನದ ಕಷ್ಟದ ಭಾಗ.

ಮದ್ರಾಸಿನ ಮಧ್ಯಮ ತರಂಗವನ್ನೇ ಇಲ್ಲಿ ಹಿಡಿಯಬಹುದಲ್ಲ ಅಂತ ನೀವು ಕೇಳಬಹುದು. ರಾತ್ರಿಯಾದರೆ ಹಿಡಿಯಬಹುದು. ಹಗಲು ಕಷ್ಟ. ಭೂಮಿಯಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿದ್ದಾಗ ಮಾತ್ರ ಗಟ್ಟಿಯಾಗುವ ಒಂದು ಪದರ ಇದೆ. ಮೇಲಕ್ಕೆ ಹೋದ ಮಧ್ಯಮ ತರಂಗವನ್ನು ಅದು ನುಂಗಿಬಿಡುತ್ತದೆ. ಉಳಿಯುವುದು ನೆಲ ಹಿಡಿದು ಬರುವ ಅಲೆ ಮಾತ್ರ. ಅದು ದೂರ ಹೋದಷ್ಟೂ ಸೊರಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ಹೋಗಿ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಸಂಜೆಯ ಮೇಲೆ ಹಳೇ ಸೆಟ್ಟಿನಲ್ಲಿ ಎಲ್ಲೆಲ್ಲಿಯದೋ ನಿಲಯಗಳು ಒಂದರ ಮೇಲೊಂದು ಬೀಳುತ್ತಿದ್ದದ್ದು ಇದಕ್ಕೇ. ಆಟ ನಡೆಯುವುದೋ ಹಗಲಿನಲ್ಲಿ. ಪ್ರಕೃತಿಗೂ ಕ್ರಿಕೆಟ್ಟಿಗೂ ಹೊಂದಾಣಿಕೆಯೇ ಇಲ್ಲ.

ಉಳಿದದ್ದು ಎರಡು ದಾರಿ. ಒಂದು, ಶಾರ್ಟ್‌ವೇವ್. ಅದು ಹಗಲಿನಲ್ಲೂ ಮೇಲೆ ಬಡಿದು ದೂರಕ್ಕೆ ಬರುತ್ತದೆ. ನಿಲಯದವರು ದೊಡ್ಡ ಏರಿಯಲ್ ಕಟ್ಟಿ, ಒಳ್ಳೇ ರಿಸೀವರಿನಲ್ಲಿ ಹಿಡಿದು, ತಮ್ಮ ಟ್ರಾನ್ಸ್‌ಮಿಟರಿನಿಂದ ಮತ್ತೆ ಬಿಡುತ್ತಾರೆ. ಇದಕ್ಕೆ ರಿಲೇ ಅಂತಾರೆ. ದೆಹಲಿಯ ವಾರ್ತೆ ಸಮುದ್ರದ ಅಲೆ ಬಂದಂತೆ ಜೋರಾಗಿ, ಮೆಲ್ಲಗಾಗಿ, ಮತ್ತೆ ಜೋರಾಗಿ ಬರುತ್ತಿತ್ತಲ್ಲ, ಅದು ಈ ದಾರಿಯ ಗುಣ. ವಾರ್ತೆಯಲ್ಲಿ ಒಂದು ಪದ ಹೋದರೆ ಊಹಿಸಬಹುದು. ಕಾಮೆಂಟರಿಯಲ್ಲಿ 'ಔಟ್' ಹೋಯಿತೋ 'ನಾಟ್ ಔಟ್' ಹೋಯಿತೋ ಹೇಗೆ ಊಹಿಸುವುದು?

ಇನ್ನೊಂದು ದಾರಿ ಟೆಲಿಫೋನ್ ಇಲಾಖೆಯ ಟ್ರಂಕ್ ಲೈನು. ಮೈದಾನದಿಂದ ಮದ್ರಾಸ್ ನಿಲಯಕ್ಕೆ, ಅಲ್ಲಿಂದ ಬೆಂಗಳೂರಿಗೆ. ದಾರಿಯಲ್ಲಿ ಅಲ್ಲಲ್ಲಿ ಧ್ವನಿಯನ್ನು ಹಿಗ್ಗಿಸುವ ಯಂತ್ರ. ಮಾಮೂಲಿ ಫೋನ್ ಲೈನು 300ರಿಂದ 3,400 ಹರ್ಟ್ಸ್ ತನಕದ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸಂಗೀತವನ್ನು ಇದರಲ್ಲಿ ಕಳಿಸಿದರೆ ಮೃದಂಗ ಡಬ್ಬದ ಸದ್ದಾಗುತ್ತದೆ. ಹಾಗಾಗಿ ದೂರದ ಕಚೇರಿಗೆ ವಿಶೇಷವಾಗಿ ಸರಿಪಡಿಸಿದ ದುಬಾರಿ ಲೈನೇ ಬೇಕು. ಕಾಮೆಂಟರಿಗೆ ಮಾಮೂಲಿ ಲೈನೂ ನಡೆಯುತ್ತದೆ. ಆ ಮೂಗಿನ ದನಿಯೇ ಕೇಳುಗರಿಗೆ 'ಇದು ಮೈದಾನದಿಂದ ಬರುತ್ತಿದೆ' ಅನ್ನುವ ಗುರುತೂ ಆಯಿತು. ಲೈನು ಒಂದಲ್ಲ, ಎರಡು ಬೇಕು. ಒಂದರಲ್ಲಿ ಕಾರ್ಯಕ್ರಮ. ಇನ್ನೊಂದರಲ್ಲಿ ಎರಡೂ ಕಡೆಯ ಎಂಜಿನಿಯರುಗಳ ಮಾತು: 'ಇನ್ನು ಮೂರು ನಿಮಿಷಕ್ಕೆ ಲಂಚ್', 'ನಿಮ್ಮ ದನಿ ಕಮ್ಮಿ ಬರ್ತಿದೆ', 'ರೆಡೀನಾ?'

ಮೈದಾನದಲ್ಲಿ ಮೈಕು ಕೂಡ ಎರಡು ಬಗೆ. ಕಾಮೆಂಟರಿ ಹೇಳುವವರ ಬಾಯಿಗೆ ಅಂಟಿಕೊಂಡ ಹಾಗೆ ಒಂದು. ಬರೀ ಸದ್ದಿಗೆ, ಅಂದರೆ ಚಪ್ಪಾಳೆ, ಕೂಗಾಟಕ್ಕೆ ಇನ್ನೊಂದು. ಎಂಜಿನಿಯರ್ ಎರಡನ್ನೂ ಬೆರೆಸುತ್ತಾರೆ. ವಿಕೆಟ್ ಬಿದ್ದಾಗ ಜನ ಒಮ್ಮೆಲೇ ಕೂಗಿದರೆ ಟ್ರಾನ್ಸ್‌ಮಿಟರ್ ಮಿತಿ ಮೀರುತ್ತದೆ. ಅದಕ್ಕೆ ಕೂಗನ್ನು ಇಳಿಸಿ, ಮಾತು ಕೇಳಿಸಿ, ಮತ್ತೆ ಏರಿಸಬೇಕು. ಆಟ ಗೊತ್ತಿಲ್ಲದ ಎಂಜಿನಿಯರಿಗೆ ಇದು ಬರುವುದಿಲ್ಲ. ಬೌಲರ್ ಓಡಿ ಬರುವಾಗಲೇ ಕೈ ಫೇಡರಿನ ಮೇಲಿರಬೇಕು.

ಆದರೆ ಜನವರಿ 6ರಂಥ ದಿನ ಆ ಕೂಗೇ ಇಲ್ಲ! ಬೆಳಗಿನಿಂದ ಸಂಜೆ ತನಕ ವಿಕೆಟ್ಟೇ ಬೀಳಲಿಲ್ಲ. ಕಾಮೆಂಟರಿ ಹೇಳುವವರಿಗೆ ಇದಕ್ಕಿಂತ ಕಷ್ಟದ ಆಟವಿಲ್ಲ ಅಂತ ನನ್ನ ಅಭಿಪ್ರಾಯ. ವಿಕೆಟ್ ಉದುರುತ್ತಿದ್ದರೆ ಆಟವೇ ಮಾತಾಡುತ್ತದೆ. ಬೀಳದಿದ್ದಾಗ ಗಾಳಿ ಯಾವ ಕಡೆ, ಪಿಚ್ ಹೇಗೆ ಒಣಗುತ್ತಿದೆ, ಯಾರು ಟೋಪಿ ಬದಲಾಯಿಸಿದರು, ಎಲ್ಲ ಬೇಕು. ಮೌನ ಬಿಡುವಂತಿಲ್ಲ. ಎರಡು ಕ್ಷಣ ಜಾಸ್ತಿ ಸುಮ್ಮನಾದರೆ ಮನೆಯಲ್ಲಿ ಯಾರೋ ಎದ್ದು ಬಂದು ಸೆಟ್ಟಿನ ತಲೆ ಮೇಲೆ ಎರಡು ಬಾರಿಸುತ್ತಾರೆ. ವಾಲ್ವ್ ಸಡಿಲವಾಗಿರಬೇಕು ಅಂತ.

ಲೈನು ನಿಜವಾಗಿಯೂ ಹೋದರೆ? ನಮ್ಮ ಕಡೆ ಮರ್ಯಾದೆಯ ದಾರಿ ಇತ್ತು. 'ಅಡಚಣೆಗಾಗಿ ವಿಷಾದಿಸುತ್ತೇವೆ' ಅಂತ ಹೇಳಿ ಫಿಲ್ಲರ್ ಹಾಕುವುದು. ಬೇರೆ ಕಡೆ ಇಷ್ಟು ಸಭ್ಯತೆ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಅಯೋವಾದ ಒಂದು ನಿಲಯದಲ್ಲಿ ರೊನಾಲ್ಡ್ ರೇಗನ್, ಹೌದು, ಮುಂದೆ ಅಧ್ಯಕ್ಷರಾದವರೇ, ದೂರದ ಬೇಸ್‌ಬಾಲ್ ಪಂದ್ಯಗಳನ್ನು ಬರೀ ಟೆಲಿಗ್ರಾಫ್ ಚೀಟಿ ನೋಡಿ ಕಣ್ಣಾರೆ ಕಂಡ ಹಾಗೆ ಹೇಳುತ್ತಿದ್ದರು. ಒಮ್ಮೆ ತಂತಿ ಸತ್ತುಹೋಯಿತು. ಅವರೇ ಮುಂದೆ ಹೇಳಿಕೊಂಡ ಪ್ರಕಾರ, ತಂತಿ ಮತ್ತೆ ಬರುವ ತನಕ ಆರೇಳು ನಿಮಿಷ ಬ್ಯಾಟ್ಸ್‌ಮನ್ ಕೈಲಿ ಫೌಲ್ (ಗೆರೆಯಾಚೆ ಹೋಗುವ ಹೊಡೆತ) ಮೇಲೆ ಫೌಲ್ ಹೊಡೆಸಿದರು! 1938ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಆಷಸ್ ಪಂದ್ಯಗಳನ್ನು ಆಸ್ಟ್ರೇಲಿಯಾದ ಸ್ಟೂಡಿಯೋದಲ್ಲಿ ಹೀಗೇ ಕಟ್ಟಿದರು. ಕೇಬಲ್‌ನಲ್ಲಿ ಬಂದ ಸಂಕೇತವನ್ನು ಬಿಡಿಸಿ ಓದಿ, ಪ್ರತಿ ಹೊಡೆತಕ್ಕೂ ಪೆನ್ಸಿಲಿನಿಂದ ಮರದ ತುಂಡಿಗೆ ಟಕ್ ಅನ್ನಿಸಿ, ಚಪ್ಪಾಳೆಯ ರೆಕಾರ್ಡು ಹಾಕುವುದು. ಕೇಳುಗರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ರಾತ್ರಿಯೆಲ್ಲ ನಿದ್ದೆಗೆಟ್ಟು ಕೇಳಿದರು. ಈಗ ಮೊಬೈಲಿನಲ್ಲಿ ಸ್ಕೋರಿನ ಅಂಕಿ ಬದಲಾಗುವುದನ್ನೇ ಕಣ್ಣು ಮಿಟುಕಿಸದೆ ನೋಡುವವರಿಗೆ ಇದು ಆಶ್ಚರ್ಯ ಅನ್ನಿಸಬಾರದು.

ಸಂಗೀತ ಮತ್ತು ಆಟ ಮುಖಾಮುಖಿಯಾಗುವುದು ಲಂಚ್ ಹೊತ್ತಿನಲ್ಲಿ, ಟೀ ಹೊತ್ತಿನಲ್ಲಿ. ಮೈದಾನದವರು 'ಈಗ ಸ್ಟೂಡಿಯೋಗೆ ಮರಳೋಣ' ಅನ್ನುತ್ತಾರೆ. ಇದು ಬರೀ ಸೌಜನ್ಯದ ಮಾತಲ್ಲ, ಇಲ್ಲಿಯ ಕಂಟ್ರೋಲ್ ರೂಮಿಗೆ ಸ್ವಿಚ್ ಒತ್ತಲು ಕೊಟ್ಟ ಸೂಚನೆ. ಕ್ಯೂ ಶೀಟಿನಲ್ಲಿ, ಅಂದರೆ ಯಾವ ಮಾತಿಗೆ ಏನು ಮಾಡಬೇಕು ಅಂತ ಬರೆದ ಹಾಳೆಯಲ್ಲಿ, ಆ ವಾಕ್ಯ ಮೊದಲೇ ಬರೆದಿರುತ್ತದೆ. ಆ ಮಾತು ಬಿದ್ದ ಕೂಡಲೇ ಲೈನಿನ ಫೇಡರ್ ಕೆಳಗೆ, ತಟ್ಟೆಯ ಫೇಡರ್ ಮೇಲೆ. ಮುಳ್ಳನ್ನು ಆಗಲೇ ಹಾಡಿನ ಶುರುವಿನ ಗೆರೆಗೆ ಇಟ್ಟು, ತಟ್ಟೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿಕೊಂಡಿರುತ್ತಾರೆ. ಲಂಚ್ ನಲವತ್ತು ನಿಮಿಷ ಅಂತ ಗೊತ್ತು, ಸರಿ. ಆದರೆ ಮಳೆ ಬಂದರೆ? ಅದು ಐದು ನಿಮಿಷವೋ ಎರಡು ಗಂಟೆಯೋ ಯಾರಿಗೆ ಗೊತ್ತು? ಆಗ ಡ್ಯೂಟಿ ರೂಮಿನ ಮೇಜಿನ ಮೇಲೆ ತಟ್ಟೆಗಳ ರಾಶಿ ಏಳುತ್ತದೆ. ಯಾವ ಕ್ಷಣದಲ್ಲೂ ನಿಲ್ಲಿಸಬಹುದಾದ ಸಂಗೀತವೇ ಬೇಕು. ಮೂರೂವರೆ ನಿಮಿಷದ ತಟ್ಟೆ ಇಲ್ಲಿ ಅನುಕೂಲಕ್ಕೆ ಬಂತು. ಸ್ಟೂಡಿಯೋದಲ್ಲಿ ನಿಲಯದ ಕಲಾವಿದರು ಕಾದು ಕೂತಿದ್ದರೆ ಅವರ ಅರ್ಧ ಗಂಟೆ ಹತ್ತು ನಿಮಿಷಕ್ಕೆ ಇಳಿಯುವುದೂ ಉಂಟು. ರಾಗ ಎತ್ತಿಕೊಳ್ಳುವಷ್ಟರಲ್ಲಿ ಗಾಜಿನಾಚೆಯಿಂದ ಕೈಸನ್ನೆ: ಮುಗಿಸಿ, ಆಟ ಶುರುವಾಯಿತು. ಸೋಲುತ್ತಿದ್ದದ್ದು ಯಾವಾಗಲೂ ಸಂಗೀತವೇ.

ಸಂಜೆ ಆಟ ಮುಗಿದ ಮೇಲೆ ಗಡಿಯಾರದ ರಾಜ್ಯ ವಾಪಸ್. ಶನಿವಾರ ರಾತ್ರಿಯಾದರೆ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1952ರ ಜುಲೈನಿಂದ ಶುರುವಾದದ್ದು, ಒಂದೂವರೆ ಗಂಟೆಯ ಕಚೇರಿ. ಮಂಗಳೂರು, ಮೈಸೂರು, ಬೆಂಗಳೂರಿನ ಮನೆಗಳಿಗೆ ಹಿಂದೂಸ್ತಾನಿ ದಿಗ್ಗಜರು, ಉತ್ತರದ ಮನೆಗಳಿಗೆ ನಮ್ಮ ವಿದ್ವಾಂಸರು. ಸಿನಿಮಾ ಹಾಡು ಬೇಕಿದ್ದವರು ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸುತ್ತಿದ್ದರು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬರುವ ತನಕ. ಅದು ಬೇರೆಯೇ ಕಥೆ.

ಟೇಪ್ ಬಂದ ಮೇಲೆ ಇವೆರಡರ ದಾರಿ ಬೇರೆಯಾಯಿತು. ಸಂಗೀತವನ್ನು ಮೊದಲೇ ರೆಕಾರ್ಡ್ ಮಾಡಿ ಇಡಬಹುದು. ಮೃದಂಗದ ರವೆ ಒಣಗಿದರೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಆಟವನ್ನು ಮಾತ್ರ ನೇರವಾಗಿಯೇ ಕಳಿಸಬೇಕು. ನಿನ್ನೆಯ ಆಟ ಯಾರಿಗೂ ಬೇಡ. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು, ರೇಡಿಯೋ ಹಾಲಿನಿಂದ ಎದ್ದು ಅಂಗಡಿಗೆ, ಆಫೀಸಿಗೆ, ಕೊನೆಗೆ ಮೈದಾನಕ್ಕೇ ಹೊರಟಿತು. 1974ರ ನವೆಂಬರ್ 22ರಂದು ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಶುರುವಾಯಿತು, ವೆಸ್ಟ್ ಇಂಡೀಸ್ ಮೇಲೆ. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಆಗ ಲೈನು ಎಳೆಯಬೇಕಾದದ್ದು ಮೈದಾನದಿಂದ ರಾಜಭವನ ರಸ್ತೆಯ ನಿಲಯಕ್ಕೆ, ಕಬ್ಬನ್ ಪಾರ್ಕಿನ ಈ ಪಕ್ಕದಿಂದ ಆ ಪಕ್ಕಕ್ಕೆ ಅಷ್ಟೆ.

ಕೊನೆಗೆ ಸದ್ದಿನ ವೇಗದ ಲೆಕ್ಕ ಒಂದು ಹೇಳಿಬಿಡುತ್ತೇನೆ. ಬ್ಯಾಟಿನ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 85 ಮೀಟರ್ ದೂರದ ಸ್ಟ್ಯಾಂಡಿನಲ್ಲಿ ಕೂತವರಿಗೆ ಅದು ಮುಟ್ಟಲು ಕಾಲು ಸೆಕೆಂಡು ಬೇಕು. ರೇಡಿಯೋ ಅಲೆ ಸೆಕೆಂಡಿಗೆ 3,00,000 ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಮೈಸೂರಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಅಂದರೆ ಪಿಚ್‌ಗೆ ಸಾಕಷ್ಟು ಹತ್ತಿರ ಒಂದು ಮೈಕಿದ್ದರೆ, ಟಿಕೆಟ್ ಕೊಂಡು ಸ್ಟ್ಯಾಂಡಿನಲ್ಲಿ ಕೂತವರಿಗಿಂತ ಮೊದಲು ಮೈಸೂರಿನ ಅಗ್ರಹಾರದಲ್ಲಿ ರೇಡಿಯೋ ಮುಂದೆ ಕೂತವರಿಗೆ ಬ್ಯಾಟಿನ ಸದ್ದು ಕೇಳಿಸುತ್ತಿತ್ತು. ಈಗ ಫೋನಿನ ಆಪ್‌ನಲ್ಲಿ ಧ್ವನಿಯನ್ನು ಅಂಕಿ ಮಾಡಿ, ತುಂಡು ತುಂಡು ಮಾಡಿ, ಸರ್ವರಿಗೆ ಏರಿಸಿ, ಇಳಿಸಿ, ಕೂಡಿಡುತ್ತಾ ಬರುವಷ್ಟರಲ್ಲಿ ಎಷ್ಟೋ ಸೆಕೆಂಡು ಕಳೆದಿರುತ್ತದೆ. ಹಳೇ ಟ್ರಾನ್ಸಿಸ್ಟರ್ ಇಟ್ಟುಕೊಂಡ ಎದುರುಮನೆಯ ತಾತ 'ಔಟ್!' ಅಂತ ಕೂಗಿದ ಮೇಲೆ ನಮ್ಮ ಫೋನಿನಲ್ಲಿ ಬೌಲರ್ ಓಡಿ ಬರಲು ಶುರು ಮಾಡುತ್ತಾನೆ.